ಲೈವ್ ಬ್ಲ್ಯಾಕ್‌ಜಾಕ್‌ನಲ್ಲಿ ನಾನು ಗೆದ್ದೆ, ಆಮೇಲೆ ಖಾತೆ ಫ್ರೀಜ್ ಆಯಿತು

2025ರ ಮಾರ್ಚ್, ಒಂದು ಸೋಮವಾರ ಬೆಳಿಗ್ಗೆ. ಹುಬ್ಬಳ್ಳಿಯ ಪೆಟ್ರೋಲ್ ಬಂಕ್‌ನಲ್ಲಿ 200 ರೂಪಾಯಿ ಪೆಟ್ರೋಲ್ ಹಾಕಿಸಿ ಸ್ಕ್ಯಾನ್ ಮಾಡಿದೆ, ಪೇಮೆಂಟ್ ಫೇಲ್. ಮತ್ತೆ ಮಾಡಿದೆ, ಮತ್ತೆ ಫೇಲ್. ಹಿಂದೆ ನಿಂತವರು ಹಾರ್ನ್ ಹೊಡೀತಿದ್ದರು. ಖಾತೆಯಲ್ಲಿ ಸಂಬಳ ಪೂರ್ತಿ ಇತ್ತು. ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಂಪ್ಯೂಟರ್ ನೋಡಿ, ಸ್ವಲ್ಪ ದನಿ ತಗ್ಗಿಸಿ, "ಸರ್, ಬೇರೆ ರಾಜ್ಯದ ಸೈಬರ್ ಪೊಲೀಸರು ನಿಮ್ಮ ಖಾತೆಗೆ ಡೆಬಿಟ್ ಫ್ರೀಜ್ ಹಾಕಿಸಿದ್ದಾರೆ, 7,500 ರೂಪಾಯಿದು ಏನೋ ಐತ್ರಿ" ಎಂದರು. ನನಗೆ ತಕ್ಷಣ ಗೊತ್ತಾಯಿತು. ಆ 7,500 ನಾನು ಆನ್‌ಲೈನ್‌ನಲ್ಲಿ ಬ್ಲ್ಯಾಕ್‌ಜಾಕ್ ಅನ್ನೋ ಇಸ್ಪೀಟು ಜೂಜಿನಲ್ಲಿ ಗೆದ್ದ ದುಡ್ಡು.

ಶುರುವಾಗಿದ್ದು ಗೋವಾದಲ್ಲಿ. 2024ರ ಡಿಸೆಂಬರ್‌ನಲ್ಲಿ ಆಫೀಸಿನ ನಾಲ್ಕು ಜನ ಹೋಗಿದ್ದೆವು, ಪಣಜಿಯಲ್ಲಿ ಮಾಂಡೋವಿ ನದಿಯ ಮೇಲಿರುವ ಕ್ಯಾಸಿನೊ ಹಡಗು ಹತ್ತಿದೆವು. ಅಲ್ಲಿ ಎರಡು ಸಾವಿರ ಸೋತು, ಹೊಟ್ಟೆ ತುಂಬ ಊಟ ಮಾಡಿ ಬಂದೆವು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಅಲ್ಲಿ ಆಡಿದ ಬ್ಲ್ಯಾಕ್‌ಜಾಕ್ ತಲೆಗೆ ಹತ್ತಿತ್ತು. ಅಂದರ್ ಬಾಹರ್ ಥರ ಕಣ್ಣು ಮುಚ್ಚಿ ಆಡೋದಲ್ಲ, ಇಲ್ಲಿ ಸ್ವಲ್ಪ ತಲೆ ಓಡಿಸಬೇಕು. ಆ ಅಹಂಕಾರವೇ ನನ್ನನ್ನು ಹಾಳು ಮಾಡಿದ್ದು.

ಊರಿಗೆ ಬಂದ ಮೇಲೆ ಟೆಲಿಗ್ರಾಂನಲ್ಲಿ ಆನ್‌ಲೈನ್ ಕ್ಯಾಸಿನೊದ ಒಂದು ಜಾಹೀರಾತು. ವಾಟ್ಸಾಪ್‌ನಲ್ಲಿ ಹಾಯ್ ಅಂದರೆ ಸಾಕು, ಐದು ನಿಮಿಷದಲ್ಲಿ ಆಡಲು ಲಾಗಿನ್ "ಐಡಿ" ಕೊಡುತ್ತಾರೆ. ನನಗೆ ಸಿಕ್ಕ ಏಜೆಂಟ್ ಚೆಂದ ಕನ್ನಡ ಬರೆಯುತ್ತಿದ್ದ, ಮಾತಿಗೊಮ್ಮೆ ಅಣ್ಣಾ ಅನ್ನುತ್ತಿದ್ದ. ದುಡ್ಡು ಹಾಕಬೇಕು ಅಂದಾಗಲೆಲ್ಲ ಒಂದು ಖಾತೆ ನಂಬರ್ ಕಳಿಸುತ್ತಿದ್ದ. ಪ್ರತಿ ಸಲ ಬೇರೆ ಹೆಸರು, ಬೇರೆ ಊರು, ಬೇರೆ ಬ್ಯಾಂಕ್. ಒಂದು ಸಲ ಯಾವುದೋ ಕಿರಾಣಿ ಅಂಗಡಿಯ ಹೆಸರು, ಇನ್ನೊಂದು ಸಲ ಯಾರೋ ಹೆಂಗಸಿನ ಹೆಸರು. ಸರಿಯಾದ ವ್ಯಾಪಾರ ಮಾಡೋರು ಹೀಗೆ ದಿನಕ್ಕೊಂದು ಖಾತೆ ಬದಲಾಯಿಸುತ್ತಾರಾ? ನಾನು ಶೋರೂಮ್‌ನಲ್ಲಿ ಲೆಕ್ಕ ಬರೆಯುವವನು ಕಣ್ರೀ, ನನಗೇ ಆಗ ಅನುಮಾನ ಬರಲಿಲ್ಲ!

ನಂಬಿಕೆ ಬಂದಿದ್ದು ಯಾಕೆ ಅಂದರೆ ಆಟದ ಲೈವ್ ವಿಡಿಯೋ. ನಿಜವಾದ ಹುಡುಗಿ ನಿಜವಾದ ಮೇಜಿನ ಹಿಂದೆ ನಿಂತು ಡಬ್ಬಿಯಿಂದ ಎಲೆ ತೆಗೆದು ಹಾಕುತ್ತಾಳೆ. ಡಬ್ಬಿಗೆ ಶೂ ಅನ್ನುತ್ತಾರೆ, ಸಾಮಾನ್ಯವಾಗಿ ಎಂಟು ಕಟ್ಟು ಇಸ್ಪೀಟು ಒಳಗಿರುತ್ತದೆ. ಏಳು ಸೀಟು. ಸೀಟು ತುಂಬಿದ್ದರೆ ಇನ್ನೊಬ್ಬನ ಆಟದ ಮೇಲೆ ಹಿಂದಿನಿಂದ ದುಡ್ಡು ಕಟ್ಟಬಹುದು. ಚಾಟ್‌ನಲ್ಲಿ ಏನಾದರೂ ಬರೆದರೆ ಅವಳು ನಿಮ್ಮ ಹೆಸರು ಹಿಡಿದು ಉತ್ತರ ಕೊಡುತ್ತಾಳೆ. ಕಂಪ್ಯೂಟರ್ ಮೋಸ ಮಾಡಬಹುದು, ಕಣ್ಣೆದುರೇ ಎಲೆ ಹಾಕುವವಳು ಹೇಗೆ ಮಾಡ್ತಾಳೆ ಅಂತ ನಾನು ಅಂದುಕೊಂಡೆ. ಆಮೇಲೆ ಅರ್ಥವಾಗಿದ್ದು ಇಷ್ಟು: ಇಂಥ ಸ್ಟುಡಿಯೋಗಳು ಒಂದೇ ಮೇಜನ್ನು ಹತ್ತಾರು ವೆಬ್‌ಸೈಟ್‌ಗಳಿಗೆ ಕೊಡುತ್ತವೆ. ಎಲೆ ಹಾಕುವವರು ಒಬ್ಬರು, ನಿಮ್ಮ ದುಡ್ಡು ಇಟ್ಟುಕೊಂಡವರು ಇನ್ನೊಬ್ಬರು. ಮೇಜು ನೂರಕ್ಕೆ ನೂರು ಪ್ರಾಮಾಣಿಕವಾಗಿದ್ದರೂ ಗಲ್ಲಾಪೆಟ್ಟಿಗೆ ಕಳ್ಳನದ್ದೇ ಇರಬಹುದು.

ಆಟ ಸುಲಭ. 21 ದಾಟದೆ ಡೀಲರ್‌ಗಿಂತ, ಅಂದರೆ ಎಲೆ ಹಾಕುವವಳಿಗಿಂತ, ಜಾಸ್ತಿ ಬರಬೇಕು. ರಾಜ ರಾಣಿ ಗುಲಾಮ ಎಲ್ಲ 10, ಎಕ್ಕ 1 ಅಥವಾ 11. ಡೀಲರ್ 17 ಆದರೆ ನಿಲ್ಲಬೇಕು. ಕೈಯಲ್ಲಿ 11 ಇದ್ದು ಎದುರಿಗೆ ಡೀಲರ್‌ನ ಎಲೆ 6 ಕಂಡರೆ ಕಟ್ಟಿದ ದುಡ್ಡು ಡಬಲ್ ಮಾಡು, ಎಂಟರ ಜೋಡಿ ಬಂದರೆ ಎರಡು ಆಟವಾಗಿ ಒಡೆ, ಹತ್ತರ ಜೋಡಿ ಒಡೆಯಬೇಡ, 16 ಇದ್ದು ಎದುರಿಗೆ 7ಕ್ಕಿಂತ ಕಮ್ಮಿ ಇಲ್ಲ ಅಂದರೆ ಇನ್ನೊಂದು ಎಲೆ ತಗೋ. ಹೀಗೆ ಒಂದು ಪಟ್ಟಿಯೇ ಇದೆ, ಬಾಯಿಪಾಠ ಮಾಡಿದೆ. ಆ ಪಟ್ಟಿ ತಪ್ಪದೆ ಆಡಿದರೆ, ನಿಯಮಗಳೂ ಒಳ್ಳೆಯವಿದ್ದರೆ, ಕ್ಯಾಸಿನೊದವರ ಲಾಭ ನೂರಕ್ಕೆ ಅರ್ಧ ರೂಪಾಯಿ ಮಾತ್ರ. ಮಾತ್ರ ಅನ್ನೋ ಈ ಪದಕ್ಕೆ ನಾನು ಬಿದ್ದೆ. ಆಗಲೇ ಬಿದ್ದ ಎಲೆ ಎಣಿಸಿ ಗೆಲ್ಲಬಹುದು ಅಂತಲೂ ಕೇಳಿದ್ದೆ, ಆದರೆ ಇವರು ಶೂ ಅರ್ಧಕ್ಕೆ ಬರುತ್ತಿದ್ದಂತೆ ಬದಲಾಯಿಸಿಬಿಡುತ್ತಾರೆ, ಎಣಿಸಿ ಏನೂ ಬರುವುದಿಲ್ಲ.

ಇನ್ನು ಇನ್ಶೂರೆನ್ಸ್. ಡೀಲರ್‌ಗೆ ಎಕ್ಕ ಬಂದಾಗ ಸ್ಕ್ರೀನಿನಲ್ಲಿ ಬಟನ್ ಬರುತ್ತದೆ. ಎಲ್‌ಐಸಿ ಪಾಲಿಸಿ ನೋಡಿ ಬೆಳೆದ ನಮಗೆ ಇನ್ಶೂರೆನ್ಸ್ ಅಂದರೆ ಒಳ್ಳೇದೇ ಅಂತ ಕೈ ತಾನಾಗೇ ಹೋಗುತ್ತದೆ, ಅಲ್ವಾ? ಅದು ಡೀಲರ್‌ನ ಇನ್ನೊಂದು ಎಲೆ ಹತ್ತರದ್ದೇ ಅಂತ ಕಟ್ಟುವ ಬೆಟ್, ಒಂದಕ್ಕೆ ಎರಡು ಕೊಡುತ್ತದೆ, ಅಂದರೆ ಮೂರಕ್ಕೆ ಒಂದು ಸಲ ಗೆದ್ದರೆ ಮಾತ್ರ ಸರಿಸಮ. ಹತ್ತರ ಎಲೆ ಇರೋದು 13ರಲ್ಲಿ 4. ಲೆಕ್ಕ ಹಾಕಿದರೆ ನೂರಕ್ಕೆ ಏಳೂವರೆ ರೂಪಾಯಿ ಹೆಚ್ಚುಕಮ್ಮಿ ಅವರ ಜೇಬಿಗೆ. ಜೋಡಿ ಬರುತ್ತದೆ ಅಂತ ಪಕ್ಕದಲ್ಲಿ ಕಟ್ಟುವ ಸೈಡ್ ಬೆಟ್‌ಗಳ ಕಥೆಯೂ ಹೀಗೇ.

ನಿಜವಾದ ಬಲೆ ಬೋನಸ್. 10,000 ಹಾಕಿ, 10,000 ಫ್ರೀ. ಕೆಳಗೆ ಸಣ್ಣ ಅಕ್ಷರದಲ್ಲಿ, ಬೋನಸ್‌ನ 35 ಪಟ್ಟು ಆಡಿದ ಮೇಲೆಯೇ ದುಡ್ಡು ತೆಗೆಯಬಹುದು ಅಂತ ಇತ್ತು. 3.5 ಲಕ್ಷ ತಾನೆ, ದುಡ್ಡು ತಿರುಗುತ್ತಾ ಇರುತ್ತದೆ, ಆಗುತ್ತದೆ ಅಂದುಕೊಂಡೆ. ಅದರ ಕೆಳಗೆ ಇನ್ನೊಂದು ಸಾಲು: ಲೈವ್ ಬ್ಲ್ಯಾಕ್‌ಜಾಕ್‌ನಲ್ಲಿ ಆಡಿದ್ದು 10% ಮಾತ್ರ ಲೆಕ್ಕಕ್ಕೆ. ಅಂದರೆ 35 ಲಕ್ಷ! ಒಂದು ಕೈಗೆ, ಅಂದರೆ ಒಂದು ಸುತ್ತಿಗೆ, 500ರಂತೆ 7,000 ಕೈ, ಗಂಟೆಗೆ 60 ಕೈ ಅಂದರೂ ಹತ್ತಿರ ಹತ್ತಿರ 117 ಗಂಟೆ. ಒಂದೂ ತಪ್ಪಿಲ್ಲದೆ ಆಡಿದರೂ ಆ ಅರ್ಧ ಪರ್ಸೆಂಟ್‌ನಲ್ಲಿ 17,500 ಹೋಗುತ್ತದೆ, ಹತ್ತು ಸಾವಿರದ ಬೋನಸ್‌ಗೆ. ಈ ಲೆಕ್ಕ ನಾನು ಮಾಡಿದ್ದು ಎಲ್ಲ ಮುಗಿದ ಮೇಲೆ.

ಮೊದಮೊದಲು ದುಡ್ಡು ಸರಾಗವಾಗಿ ಬಂತು. 2,000 ಕೇಳಿದೆ, ಹತ್ತು ನಿಮಿಷದಲ್ಲಿ ಖಾತೆಗೆ. ಆಮೇಲೆ 7,500, ಅದೂ ಬಂತು. ಈ ಧೈರ್ಯದ ಮೇಲೆ ಒಟ್ಟು 38,000 ಹಾಕಿದೆ. ಫೆಬ್ರುವರಿಯ ಒಂದು ರಾತ್ರಿ ಎಲೆ ಹೇಗೆ ಬಿತ್ತು ಅಂದರೆ, ಕೈ ಹಾಕಿದ್ದೆಲ್ಲ ಚಿನ್ನ, ಬೆಳಗಿನ ಮೂರು ಗಂಟೆಗೆ 1,84,000. ವಿತ್‌ಡ್ರಾ ಒತ್ತಿದೆ. ರಿಜೆಕ್ಟ್. ಏಜೆಂಟ್‌ಗೆ ಮೆಸೇಜ್ ಮಾಡಿದರೆ, "ಅಣ್ಣಾ ಟೆನ್ಶನ್ ಬೇಡ, ಬೋನಸ್ ಕಂಡೀಶನ್ ನಾನು ಮಾತಾಡಿ ತೆಗೆಸ್ತೀನಿ, ನೀವು 30% ಟ್ಯಾಕ್ಸ್ ಕಟ್ಟಿಬಿಡಿ ಸಾಕು" ಅಂದ. 55,200. ಗೆದ್ದ ದುಡ್ಡಿಗೆ 30% ತೆರಿಗೆ ಇರುವುದು ನಿಜವೇ, ಅದಕ್ಕೇ ಮಾತು ನಂಬುವ ಹಾಗಿತ್ತು. ಆದರೆ 2023ರ ಏಪ್ರಿಲ್‌ನಿಂದ ಆ ತೆರಿಗೆಯನ್ನು ಕೊಡುವ ಕಂಪನಿಯೇ ಮುರಿದುಕೊಂಡು ಉಳಿದಿದ್ದು ಕೊಡಬೇಕು. ನೀವು ಮೊದಲು ಕಟ್ಟಿ, ಅದೂ ಯಾವನೋ ಒಬ್ಬನ ಖಾತೆಗೆ ಹಾಕಿ ಅನ್ನುವ ತೆರಿಗೆ ಪ್ರಪಂಚದಲ್ಲೇ ಇಲ್ಲ. ಚೀಟಿ ಎತ್ತಿದ ದುಡ್ಡು ಮನೆಯಲ್ಲಿತ್ತು, ಮಗಳ ಸ್ಕೂಲ್ ಫೀಸಿಗೆ ಅಂತ. ಅದನ್ನೇ ಕಟ್ಟಿದೆ. ಮರುದಿನ "ಪ್ರೊಸೆಸಿಂಗ್" ಅಂತ ಇನ್ನೂ 18,000 ಕೇಳಿದ. ಆಗ ನಿಲ್ಲಿಸಿದೆ. ಹೆಂಡತಿಗೆ ಸ್ಕ್ರೀನ್‌ಶಾಟ್ ತೋರಿಸಿ ಸಮಾಧಾನ ಮಾಡಲು ನೋಡಿದರೆ, "ಗೆದ್ದಿದ್ದು ಎಲ್ಲೈತ್ರೀ, ಕೈಯಾಗ ತೋರಸ್ರಿ" ಅಂದಳು.

ಇಷ್ಟಾದರೂ ದುಡ್ಡು ಹೋಯಿತು, ಹಾಳಾಗಿ ಹೋಗಲಿ ಅಂದುಕೊಂಡು ಸುಮ್ನಿದ್ದೆ. ಆಗಲೇ ಪೆಟ್ರೋಲ್ ಬಂಕ್ ಪ್ರಸಂಗ ಆಗಿದ್ದು. ನನಗೆ ಬಂದ 7,500 ಆ ಕಂಪನಿಯ ದುಡ್ಡೇ ಅಲ್ಲ. ಎಲ್ಲೋ ಯಾರಿಗೋ ಮೋಸ ಮಾಡಿ ಕಿತ್ತ ದುಡ್ಡು, ಬಾಡಿಗೆ ಖಾತೆಗಳಲ್ಲಿ ಸುತ್ತಿ ನನ್ನ "ಗೆಲುವು" ಆಗಿ ಬಂದಿತ್ತು. ದುಡ್ಡು ಕಳೆದುಕೊಂಡವರು ದೂರು ಕೊಟ್ಟರು, ಪೊಲೀಸರು ದುಡ್ಡು ಹೋದ ದಾರಿ ಹಿಡಿದು ನನ್ನ ಖಾತೆಗೆ ಬಂದರು. ನಾನು ಹಾಕಿದ ದುಡ್ಡೂ ಹೀಗೇ ಇನ್ಯಾರದೋ ಗೆಲುವಾಗಿ ಹೋಗಿರಬೇಕು. ಡೆಬಿಟ್ ಫ್ರೀಜ್ ಅಂದರೆ ಸಂಬಳ ಬರುತ್ತದೆ, ಹೊರಗೆ ಒಂದು ರೂಪಾಯಿ ಹೋಗುವುದಿಲ್ಲ. ಬೈಕಿನ ಇಎಂಐ ಬೌನ್ಸ್ ಆಯಿತು. ಬ್ಯಾಂಕಿನಿಂದ ದೂರಿನ ನಂಬರ್ ಮತ್ತು ಆ ಠಾಣೆಯ ಇಮೇಲ್ ತಗೊಂಡು, ಸ್ಟೇಟ್‌ಮೆಂಟ್, ವಾಟ್ಸಾಪ್ ಚಾಟ್ ಎಲ್ಲ ಜೋಡಿಸಿ ಕಳಿಸಿದೆ. ಖಾತೆ ಬಿಡಿಸಲು ಹನ್ನೊಂದು ವಾರ ಬೇಕಾಯಿತು. ನಿಮಗೂ ಹೀಗಾಗಿದ್ದರೆ ಚಾಟ್ ಡಿಲೀಟ್ ಮಾಡಬೇಡಿ. ನಾಚಿಕೆಗೆ ಅರ್ಧ ಚಾಟ್ ಅಳಿಸಿ ನಾನು ಒದ್ದಾಡಿದೆ.

ಇನ್ನೊಂದು ತಪ್ಪು, ತಡ ಮಾಡಿದ್ದು. ಟ್ಯಾಕ್ಸ್ ಅಂತ ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಮುಂದಿನ ಖಾತೆಯಲ್ಲೇ ತಡೆಯುವ ಅವಕಾಶ ಇರುತ್ತಿತ್ತು. ನಾನೇ ಜೂಜಾಡಿದವನು, ಏನಂತ ಹೇಳೋದು ಅಂತ ಒಂಬತ್ತು ದಿನ ಕೂತೆ. ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಹೋದಾಗ ಪೊಲೀಸರು ಕೇಳಿದ್ದು ಒಂದೇ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ. 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿ ಮೋಸಹೋದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಹಾಗಾಗಿ ಹೆದರಿ ಕೂರಬೇಡಿ. ಹಾಂ, ಕಳೆದ ದುಡ್ಡು ವಾಪಸ್ ಕೊಡಿಸುತ್ತೇವೆ, 10% ಮುಂಗಡ ಕೊಡಿ ಅಂತ ಟೆಲಿಗ್ರಾಂನಲ್ಲಿ ಬರುವವರು ಅದೇ ಗುಂಪಿನ ಅಣ್ಣತಮ್ಮಂದಿರು. ನಾನು ಅದಕ್ಕೂ ಕೈ ಹಾಕುವವನಿದ್ದೆ, ಖಾತೆ ಫ್ರೀಜ್ ಆಗಿದ್ದರಿಂದ ಬಚಾವಾದೆ.

ಒಟ್ಟು ಕೈಬಿಟ್ಟಿದ್ದು 93,200, ವಾಪಸ್ ಬಂದಿದ್ದು 9,500. ಅದರಲ್ಲೂ ಆ 7,500ಕ್ಕೆ ಹಾಕಿದ ತಡೆ ಇನ್ನೂ ಹೋಗಿಲ್ಲ. ಪಾಸ್‌ಬುಕ್‌ನಲ್ಲಿ ಕಾಣುತ್ತದೆ, ತೆಗೆಯೋಕೆ ಬರುವುದಿಲ್ಲ.