ಊದಿದರೆ ಕೊಳಲು, ಕಚ್ಚಿದರೆ ಗಮಕ: ಅಕಾಯ್ ಈವಿ ಯುಎಸ್‌ಬಿ, ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೂತು ಕೊಳಲಿನ ದನಿ ರೆಕಾರ್ಡ್ ಮಾಡಬೇಕು ಅಂತ ಇದನ್ನು ತಗೊಂಡರೆ ಮುಕ್ಕಾಲು ಪಾಲು ಸಮಾಧಾನ ಸಿಗುತ್ತದೆ. ನಾದಸ್ವರ ಬೇಕು ಅಂತ ತಗೊಂಡರೆ ಅರ್ಧ. ನಾನು ಕೊಳಲು ಕಲಿತವನು, ಈಗ ಡ್ಯಾನ್ಸ್ ಕಾರ್ಯಕ್ರಮಗಳಿಗೆ, ಸಣ್ಣ ನಾಟಕ ತಂಡಗಳಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ. ಕಲಾವಿದರನ್ನು ಕರೆಸುವಷ್ಟು ಬಜೆಟ್ ಇಲ್ಲದ ಕೆಲಸಗಳೇ ಜಾಸ್ತಿ. ಅಂಥ ಕಡೆ ಈ ಕಪ್ಪು ಕೋಲು ನನ್ನ ಜೊತೆ ಇದೆ.

ಗೊತ್ತಿಲ್ಲದವರಿಗೆ: ಅಕಾಯ್ ಕಂಪನಿಯ ಈ ಈವಿ (EWI) ಊದುವ ಮಿಡಿ ಕಂಟ್ರೋಲರ್. ಮಿಡಿ ಅಂದರೆ ವಾದ್ಯ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆ. ಇದಕ್ಕೆ ಸ್ವಂತ ದನಿ ಇಲ್ಲ. ಯುಎಸ್‌ಬಿ ವೈರ್‌ನಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಬೇಕು, ಕರೆಂಟೂ ಅಲ್ಲಿಂದಲೇ. ನೀವು ಎಷ್ಟು ಜೋರಾಗಿ ಊದಿದಿರಿ, ಯಾವ ಕೀ ಮುಟ್ಟಿದಿರಿ, ಬಾಯಿಗೆ ಇಡುವ ರಬ್ಬರ್ ತುದಿಯನ್ನು ಎಷ್ಟು ಕಚ್ಚಿದಿರಿ ಅನ್ನುವ ಸುದ್ದಿ ಮಾತ್ರ ಕಳಿಸುತ್ತದೆ, ನುಡಿಸುವುದು ಸಾಫ್ಟ್‌ವೇರ್. ಕೀಗಳು ಒತ್ತುವಂಥವಲ್ಲ, ಬರೀ ಮುಟ್ಟಿದರೆ ಸಾಕು. ಬೆರಳಿಡುವ ಕ್ರಮವನ್ನು ಫ್ಲೂಟ್, ಓಬೋ (ಜೋಡಿ ಪಟ್ಟಿಯ ಪಾಶ್ಚಾತ್ಯ ಊದುವ ವಾದ್ಯ), ಸ್ಯಾಕ್ಸೋಫೋನ್ ಅಂತ ಬದಲಿಸಿಕೊಳ್ಳಬಹುದು. ಫ್ಲೂಟ್ ಅಂದರೆ ನಮ್ಮ ಎಂಟು ತೂತಿನ ಬಿದಿರಿನ ಕೊಳಲಲ್ಲ, ಪಾಶ್ಚಾತ್ಯ ಫ್ಲೂಟು. ಹಾಗಾಗಿ ಕೊಳಲಿನವರು ಬೆರಳನ್ನು ಹೊಸದಾಗಿಯೇ ಕಲಿಯಬೇಕು. ಇದರ ಲಾಭ ನಿಜವಾಗಿ ಸಿಗುವುದು ನಮ್ಮ ಕರಾವಳಿಯ ಸ್ಯಾಕ್ಸೋಫೋನ್‌ನವರಿಗೆ. ಕದ್ರಿ ಗೋಪಾಲನಾಥರು ಸ್ಯಾಕ್ಸನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಆ ಕಡೆ ಮದುವೆ, ದೇವಸ್ಥಾನಗಳಲ್ಲಿ ಸ್ಯಾಕ್ಸ್ ಊದುವವರು ಎಷ್ಟು ಜನ ಇದ್ದಾರೆ ನೋಡಿ! ಅವರು ಸ್ಯಾಕ್ಸ್ ಮೋಡ್‌ಗೆ ಹಾಕಿಕೊಂಡರೆ ಬೆರಳಿನ ಕೆಲಸ ಬೇಗ ಕೈಗೆ ಹತ್ತುತ್ತದೆ.

ಕೀಬೋರ್ಡಿನಲ್ಲೇ ಫ್ಲೂಟ್ ಟೋನ್ ಇರುವಾಗ ಇದು ಯಾಕೆ ಬೇಕು ಅಂತ ಬಹಳ ಜನ ಕೇಳುತ್ತಾರೆ. ಕೀಬೋರ್ಡಿನ ಟೋನ್ ಅಂದರೆ ಸಾಮಾನ್ಯವಾಗಿ ಸ್ಯಾಂಪಲ್. ಯಾರೋ ಒಳ್ಳೆಯ ಕಲಾವಿದರು ಒಂದೊಂದೇ ಸ್ವರ ಊದಿದ್ದಾರೆ, ಅದನ್ನು ಕತ್ತರಿಸಿ ಕೀಗಳಿಗೆ ಅಂಟಿಸಿದ್ದಾರೆ. ಒಂದೇ ಸ್ವರ ಹಿಡಿದು ನಿಂತರೆ ಪರವಾಗಿಲ್ಲ, ಚೆನ್ನಾಗೇ ಕೇಳುತ್ತದೆ. ಷಡ್ಜದಿಂದ ರಿಷಭಕ್ಕೆ ಹೋದ ಕೂಡಲೇ ಬಣ್ಣ ಬಯಲು. ಎರಡು ಸ್ವರದ ನಡುವಿನ ದಾರಿ ಅಲ್ಲಿ ರೆಕಾರ್ಡ್ ಆಗಿಲ್ಲ, ಉಸಿರು ಏರಿ ಇಳಿಯುವಾಗ ದನಿಯ ಬಣ್ಣ ಬದಲಾಗುವುದೂ ಇಲ್ಲ, ವಾಲ್ಯೂಮ್ ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ನಮ್ಮ ಸಂಗೀತ ಇರುವುದೇ ಆ ನಡುವಿನಲ್ಲಿ, ಅಲ್ವಾ? ಹಾಗಾಗಿ ಈವಿಯನ್ನು ಸ್ಯಾಂಪಲ್ ಲೈಬ್ರರಿ ಜೊತೆ ಇಟ್ಟುಕೊಂಡವರು ಅರ್ಧ ದುಡ್ಡು ದಂಡ ಮಾಡಿದ ಹಾಗೆ.

ಇದರ ಜೊತೆ ಫಿಸಿಕಲ್ ಮಾಡೆಲಿಂಗ್ ಬೇಕು. ಅಂದರೆ ರೆಕಾರ್ಡ್ ಮಾಡಿದ ದನಿಯ ಬದಲು ಕೊಳವೆಯ ಒಳಗೆ ಗಾಳಿ ಹೇಗೆ ಓಡಾಡುತ್ತದೆ ಅನ್ನುವುದರ ಲೆಕ್ಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೂಲಿಯಸ್ ಸ್ಮಿತ್ ಇದಕ್ಕೆ ಹಗುರವಾದ ವಿಧಾನ ಕಂಡುಹಿಡಿದರು. ಕೊಳವೆಯ ಆ ತುದಿಗೆ ಹೋಗಿ ಈ ತುದಿಗೆ ವಾಪಸ್ ಬರುವ ಅಲೆಯನ್ನು ಕಂಪ್ಯೂಟರ್‌ನಲ್ಲಿ ಸುಮ್ನೆ ಒಂದಿಷ್ಟು ಹೊತ್ತು ತಡೆದು ಬಿಡುವುದು, ಪ್ರತಿ ಸುತ್ತಿಗೂ ಸ್ವಲ್ಪ ಸವೆಸುವುದು. ಯಮಾಹಾ ಆ ತಂತ್ರದ ಲೈಸೆನ್ಸ್ ಪಡೆದು 1994ರಲ್ಲಿ ವಿಎಲ್1 ಅನ್ನುವ ಸಿಂಥಸೈಜರ್ ತಂದಿತು, ಆಗಿನ ಕಾಲಕ್ಕೆ ತುಂಬಾ ದುಬಾರಿ. ಈಗ ಅದೇ ಜಾತಿಯ ಕೆಲಸ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಆಗುತ್ತದೆ. ನಾನು ಬಳಸುವುದು ಆಡಿಯೋ ಮಾಡೆಲಿಂಗ್ ಕಂಪನಿಯ ಸ್ವಾಮ್ ಸರಣಿಯ ಫ್ಲೂಟು ಮತ್ತು ಓಬೋ. ಊದದೆ ಬರೀ ಕೀ ಮುಟ್ಟಿದರೆ ಅದು ಬಾಯಿಯೇ ಬಿಡುವುದಿಲ್ಲ, ಉಸಿರು ಬಂದರೆ ಮಾತ್ರ ದನಿ. ಇದು ನನಗೆ ತುಂಬಾ ಇಷ್ಟವಾದ ಗುಣ.

ಉಸಿರಿನ ಸೆಟ್ಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಿಡಿಯಲ್ಲಿ ಉಸಿರಿಗೆ ಇರುವುದು ಎರಡನೇ ನಂಬರಿನ ಕಂಟ್ರೋಲರ್ ಅನ್ನುವ ಸುದ್ದಿ, 0ಯಿಂದ 127ರವರೆಗೆ ಬರೀ 128 ಮೆಟ್ಟಿಲು. ಜೋರಾಗಿ ಊದುವಾಗ ಇದು ಗೊತ್ತಾಗುವುದಿಲ್ಲ. ಆಲಾಪನೆಯಲ್ಲಿ ಸ್ವರವನ್ನು ಮೆಲ್ಲಗೆ ಕರಗಿಸುವಾಗ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ನನ್ನ ದಾರಿ ಏನೆಂದರೆ, ಸಾಫ್ಟ್‌ವೇರಿನಲ್ಲಿ ಎಷ್ಟು ಊದಿದರೆ ಎಷ್ಟು ದನಿ ಅಂತ ತೋರಿಸುವ ಉಸಿರಿನ ಗೆರೆಯನ್ನು ಕೆಳಗಡೆ ಬಾಗಿಸಿ ಮೆಲ್ಲನೆಯ ಊದಿಗೆ ಜಾಸ್ತಿ ಜಾಗ ಕೊಡುವುದು, ಅದೇ ಉಸಿರನ್ನು ವಾಲ್ಯೂಮಿಗೆ ಮಾತ್ರ ಕಟ್ಟದೆ ದನಿಯ ಹೊಳಪಿಗೂ ಗಾಳಿಯ ಸದ್ದಿಗೂ ಬೇರೆ ಬೇರೆ ಪ್ರಮಾಣದಲ್ಲಿ ಕಟ್ಟುವುದು, ಜೋರಾಗಿ ಊದಿದಾಗ ಶ್ರುತಿ ಒಂದು ಕೂದಲೆಳೆ ಮೇಲೇರುವ ಹಾಗೆ ಮಾಡುವುದು. ಬಿದಿರಿನ ಕೊಳಲು ಏರುವುದು ಹೀಗೇ ತಾನೇ? ಶ್ರುತಿ ಕಲ್ಲಿನಂತೆ ನಿಂತರೆ ಕಿವಿ ತಕ್ಷಣ ಇದು ಮೆಷಿನ್ ಅನ್ನುತ್ತದೆ.

ಮತ್ತೊಂದು ವಿಚಿತ್ರ. ಕೊಳಲಿಗೆ ಉಸಿರು ಸಾಲುವುದಿಲ್ಲ, ಇದಕ್ಕೆ ಉಸಿರು ಖರ್ಚೇ ಆಗುವುದಿಲ್ಲ. ಒಳಗೆ ಗಾಳಿ ಹೋಗಲು ಜಾಗ ತೀರಾ ಕಡಿಮೆ, ಒತ್ತಡ ಅಳೆಯುವುದಷ್ಟೇ ಅದರ ಕೆಲಸ. ಹಾಗಾಗಿ ಸಾಲು ಮುಗಿದಾಗ ಎದೆಯಲ್ಲಿ ಹಳೆಯ ಗಾಳಿ ತುಂಬಿಕೊಂಡೇ ಇರುತ್ತದೆ, ಮೊದಲು ಅದನ್ನು ಹೊರಗೆ ಬಿಟ್ಟು ಆಮೇಲೆ ಎಳೆದುಕೊಳ್ಳಬೇಕು. ಬಾಯಿಯ ಅಂಚಿನಿಂದ ಸ್ವಲ್ಪ ಗಾಳಿ ಸೋರಲು ಬಿಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ.

ಈಗ ಗಮಕ, ಅಂದರೆ ಸ್ವರವನ್ನು ಓಲಾಡಿಸುವುದು, ಜಾರಿಸುವುದು. ಇಲ್ಲೇ ಈ ಯಂತ್ರದ ಮಿತಿಯೂ ಇದೆ, ಮಜವೂ ಇದೆ. ಕೊಳಲಿನಲ್ಲಿ ತೂತನ್ನು ಅರ್ಧ ಮುಚ್ಚಬಹುದು, ಬೆರಳನ್ನು ಜಾರಿಸಬಹುದು. ಈವಿಯ ಕೀಗೆ ಗೊತ್ತಿರುವುದು ಎರಡೇ: ಬೆರಳು ಇದೆ, ಬೆರಳು ಇಲ್ಲ. ನಡುವೆ ಏನೂ ಇಲ್ಲ. ಮೋಹನ, ಹಂಸಧ್ವನಿ ಥರದ ರಾಗಗಳಲ್ಲಿ ಹೇಗೋ ಸಾಗುತ್ತದೆ. ಮಾಯಾಮಾಳವಗೌಳದ ಸರಳೆ ವರಸೆ ನುಡಿಸಿದರೆ ಖುಷಿಯೇ ಆಗುತ್ತದೆ. ತೋಡಿಗೆ ಬಂದರೆ ಮುಗಿಯಿತು. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ, ಅದರ ಓಲಾಟವೇ ಗಾಂಧಾರ. ಅದನ್ನು ಎರಡು ಕೀಗಳ ನಡುವೆ ಬೆರಳು ಆಡಿಸಿ ತರಲು ಹೋದರೆ ಮೊಬೈಲ್ ರಿಂಗ್‌ಟೋನ್ ಬರುತ್ತದೆ.

ಪರಿಹಾರ ಬಲಗೈ ಹೆಬ್ಬೆರಳಿನಲ್ಲಿದೆ. ಅಲ್ಲಿ ಪಿಚ್ ಬೆಂಡ್‌ನ ಎರಡು ತಟ್ಟೆಗಳಿವೆ, ಒಂದು ಸ್ವರವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಸಾಫ್ಟ್‌ವೇರುಗಳಲ್ಲಿ ಸಾಮಾನ್ಯವಾಗಿ ಬೆಂಡ್ ಎರಡು ಸೆಮಿಟೋನಿಗೆ (ಕೀಬೋರ್ಡಿನ ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್) ಇರುತ್ತದೆ, ನಾನು ಅದನ್ನು ಮೂರಕ್ಕೆ ಏರಿಸಿದ್ದೇನೆ. ಅದಕ್ಕಿಂತ ಜಾಸ್ತಿ ಮಾಡಿದರೆ ಹೆಬ್ಬೆರಳು ಚೂರು ಅಲುಗಿದರೂ ಸ್ವರ ಎಲ್ಲೋ ಹೋಗಿರುತ್ತದೆ. ಬೆಂಡ್‌ಗೆ ಮಿಡಿ 16,384 ಮೆಟ್ಟಿಲು ಕೊಡುತ್ತದೆ, ಉಸಿರಿನ ಹಾಗೆ ಒರಟಾಗುವ ಭಯ ಇಲ್ಲ. ಬಾಯಿಯ ತುದಿ ಕಚ್ಚುವುದನ್ನು ಪಾಶ್ಚಾತ್ಯರು ವೈಬ್ರಾಟೋಗೆ (ಸ್ವರದ ಸಣ್ಣ ನಡುಕಕ್ಕೆ) ಅಂತ ಇಟ್ಟಿದ್ದಾರೆ. ಸಣ್ಣ ಕಂಪಿತಕ್ಕೆ ಅದೇ ಸಾಕು, ಅಗಲವಾದ ಓಲಾಟಕ್ಕೆ ಹೆಬ್ಬೆರಳು.  ಇವೆರಡೂ ಉಸಿರಿನ ಜೊತೆ ಕೂಡಿ ಬರಲು ನನಗೆ ಬಹಳ ಸಮಯ ಹಿಡಿಯಿತು. ಈಗಲೂ ಭೈರವಿ, ತೋಡಿ ಇದರಲ್ಲಿ ನುಡಿಸುವುದಿಲ್ಲ, ಆ ರಾಗಗಳಿಗೆ ಕೊಳಲನ್ನೇ ಎತ್ತಿಕೊಳ್ಳುತ್ತೇನೆ.

ನಾದಸ್ವರದ ಕಥೆ ಬೇರೆ. ಅದರದ್ದು ಕೆಳಗೆ ಹೋದಂತೆ ಅಗಲವಾಗುವ ಕೊಳವೆ, ಮೇಲೆ ಜೋಡಿ ಪಟ್ಟಿಯ ಸೀವಾಳಿ, ಅಂದರೆ ಬಾಯಿಗೆ ಇಟ್ಟು ಊದುವ ಪೀಪಿ. ವಿಜ್ಞಾನದ ಪ್ರಕಾರ ನೋಡಿದರೆ ಓಬೋ ಅದರ ಹತ್ತಿರದ ನೆಂಟ, ಅದಕ್ಕೇ ಓಬೋ ಮಾಡೆಲ್‌ನಿಂದ ಶುರು ಮಾಡಿದೆ. ಹಾಗೇ ಬಿಟ್ಟರೆ ತೀರಾ ಸಭ್ಯ ದನಿ, ಚರ್ಚಿನಲ್ಲಿ ಕೂತ ಹಾಗೆ. ಸ್ವಲ್ಪ ಸ್ಯಾಚುರೇಷನ್ (ದನಿಯನ್ನು ತುಸು ಒರಟು ಮಾಡುವ ಎಫೆಕ್ಟ್) ಹಾಕಿ, ಎರಡು ಮೂರು ಸಾವಿರ ಹರ್ಟ್ಜ್ ಸುತ್ತ ಎತ್ತಿ, ಶುರುವಿನ ಕರ್ಕಶ ಹೆಚ್ಚಿಸಿದರೆ ಓಲಗದ ವಾಸನೆ ಬರುತ್ತದೆ. ನಿಜವಾದ ಬದಲಾವಣೆ ಕಂಡದ್ದು ಜೋಡಿ ಮಾಡಿದಾಗ. ಓಲಗದಲ್ಲಿ ಇಬ್ಬರು ಊದುತ್ತಾರಲ್ಲ, ಹಾಗೆ ಅದೇ ಸಾಲನ್ನು ಎರಡನೇ ಸಲ ಹೊಸದಾಗಿ ಊದಿ ಸೇರಿಸಬೇಕು. ಮೊದಲಿನದನ್ನೇ ಕಾಪಿ ಮಾಡಿ ಸರಿಸಿದರೆ ಆಗುವುದಿಲ್ಲ, ಇಬ್ಬರು ಮನುಷ್ಯರ ಚೂರು ಹಿಂದೆ ಮುಂದೆ ಆಗುವುದೇ ಅಲ್ಲಿನ ರುಚಿ. ಕೆಳಗೆ ಒತ್ತು, ಅಂದರೆ ಬಿಡದೆ ಒಂದೇ ಶ್ರುತಿ, ಹಿಡಿಯುವ ಒಂದು ದನಿ, ಪಕ್ಕದಲ್ಲಿ ಡೋಲು. ಡೋಲು ಬಂದ ಮೇಲೆ ಕೇಳುವವರು ಅರ್ಧ ಕ್ಷಮಿಸಿಬಿಡುತ್ತಾರೆ.

ಉಳಿದರ್ಧ ಬರುವುದಿಲ್ಲ. ನಾದಸ್ವರದವರು ತುಟಿಯಲ್ಲಿ ಸೀವಾಳಿಯನ್ನು ಬಿಗಿ ಮಾಡಿ, ಸಡಿಲ ಬಿಟ್ಟು, ಉಸಿರಿನ ಒತ್ತಡ ಬದಲಿಸಿ ಒಂದೇ ತೂತಿನಲ್ಲಿ ಸ್ವರವನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತಾರೆ. ಈ ಯಂತ್ರದಲ್ಲಿ ತುಟಿಯ ಕೆಲಸ ಒಂದು ಸಣ್ಣ ಸೆನ್ಸರಿನ ಪಾಲು. ಇನ್ನೊಂದು ವಿಷಯ ಜೋರು. ಬಯಲಿನಲ್ಲಿ ಊದಲು ಹುಟ್ಟಿದ ವಾದ್ಯವನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಏನೋ ಇಲ್ಲ ಅನ್ನಿಸುತ್ತದೆ. ಕೊನೆಗೆ ಅಂಗಳದ ಥರದ ಚಿಕ್ಕ ರಿವರ್ಬ್ (ಮಾರ್ದನಿಯ ಎಫೆಕ್ಟ್) ಹಾಕುತ್ತೇನೆ, ಸಭಾಂಗಣದ ಉದ್ದ ರಿವರ್ಬ್ ಹಾಕಲೇಬೇಡಿ, ಸಿನಿಮಾದ ಮದುವೆ ಸೀನ್ ಆಗಿಬಿಡುತ್ತದೆ. ಮದುವೆಗೆ ಈ ಯಂತ್ರ ತಗೊಂಡು ಹೋಗಿ ಓಲಗದವರ ಬದಲು ನಿಲ್ಲುವ ಆಲೋಚನೆ ಇದ್ದರೆ ಬಿಡಿ. ಅವರ ಹೊಟ್ಟೆಗೂ ಒಳ್ಳೆಯದಲ್ಲ, ನಿಮ್ಮ ಮರ್ಯಾದೆಗೂ.

ದಿನನಿತ್ಯದ ಕಿರಿಕಿರಿಗಳು: ಮುಟ್ಟಿದರೆ ಸಾಕು ಅನ್ನುವ ಕೀಗಳಾದ್ದರಿಂದ ಚಳಿಗಾಲದಲ್ಲಿ ಕೈ ತೀರಾ ಒಣಗಿದ್ದರೆ ಸರಿಯಾಗಿ ಹಿಡಿಯದೆ ಹೋಗಬಹುದು, ಸ್ವಲ್ಪ ಕ್ರೀಮ್ ಹಚ್ಚಿ. ಎರಡು ಬೆರಳು ಒಟ್ಟಿಗೆ ಏಳದಿದ್ದರೆ ನಡುವೆ ಬೇಡದ ಸ್ವರವೊಂದು ಚಿಮ್ಮುತ್ತದೆ. ಅದಕ್ಕೆ ಕೀ ಡಿಲೇ ಅಂತ ಸೆಟ್ಟಿಂಗ್ ಇದೆ, ಜಾಸ್ತಿ ಮಾಡಿದರೆ ದ್ರುತ ಸ್ವರಗಳು ಹಿಂದೆ ಬೀಳುತ್ತವೆ. ಲ್ಯಾಪ್‌ಟಾಪಿನ ಬಫರ್ (ದನಿಯನ್ನು ಹೊರಗೆ ಬಿಡುವ ಮೊದಲು ಕಂಪ್ಯೂಟರ್ ಎಷ್ಟು ಚೂರು ಕೂಡಿಟ್ಟುಕೊಳ್ಳುತ್ತದೆ ಅನ್ನುವ ಲೆಕ್ಕ, ಒಂದು ಚೂರಿಗೂ ಸ್ಯಾಂಪಲ್ ಅಂತಲೇ ಹೆಸರು) 128 ಸ್ಯಾಂಪಲ್‌ಗೆ ಇಡಿ, 44.1 ಕಿಲೋಹರ್ಟ್ಜ್‌ನಲ್ಲಿ ಅದು ಸುಮಾರು 3 ಮಿಲಿಸೆಕೆಂಡ್, ಬೆರಳಿಗೆ ಗೊತ್ತಾಗುವುದಿಲ್ಲ. ಅದೇ 1024 ಇದ್ದರೆ ಊದಿದ್ದು ಆಮೇಲೆ ಬಂದು ಕಾಡುತ್ತದೆ. ವೇದಿಕೆ ಮೇಲೆ ಲ್ಯಾಪ್‌ಟಾಪ್, ವೈರ್, ಇಂಟರ್‌ಫೇಸ್ ಅಂತ ಇಡೀ ಸಂಸಾರ ಹೊತ್ತುಕೊಂಡು ಹೋಗಬೇಕು. ಒಳಗೇ ದನಿ ಇರುವ ರೋಲ್ಯಾಂಡ್ ಏರೋಫೋನ್ ಥರದವು ಆ ಕೆಲಸಕ್ಕೆ ಸುಲಭ.

ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಅಭ್ಯಾಸ ಮಾಡುವವರಿಗೆ, ಟ್ರ್ಯಾಕ್ ಮಾಡುವವರಿಗೆ ನಾನು ಧೈರ್ಯವಾಗಿ ತಗೊಳ್ಳಿ ಅನ್ನುತ್ತೇನೆ. ಮಕ್ಕಳಿಗೆ ಕೊಳಲು ಕಲಿಸಲು ಇದು ಬೇಡ, ಬಿದಿರೇ ಕೊಡಿಸಿ, ಬೆಲೆಯೂ ಕಡಿಮೆ. ಸೆಕೆಂಡ್ ಹ್ಯಾಂಡ್ ನೋಡುವವರು ಮಾರುವವರ ಮುಂದೆಯೇ ಲ್ಯಾಪ್‌ಟಾಪಿಗೆ ಹಾಕಿ, ಬಾಯಿಯ ರಬ್ಬರ್ ಹರಿದಿಲ್ಲ ತಾನೇ, ಕಚ್ಚಿದ ಸುದ್ದಿ ಬರುತ್ತಿದೆಯಾ, ಎಡ ಹೆಬ್ಬೆರಳಿನ ರೋಲರ್‌ಗಳೆಲ್ಲ ಸ್ಥಾಯಿ ಬದಲಿಸುತ್ತವೆಯಾ ಅಂತ ನೋಡಿ. ಬಾಯಿಯ ತುದಿ ಮಾತ್ರ ಹೊಸದೇ ತಗೊಳ್ಳಿ.