ಕೈ ಸೆಟೆದುಕೊಂಡರೆ ‘ಟ್ರಾಮಾ ಹೊರಗೆ ಬರ್ತಿದೆ’ ಅನ್ನುವ ಶಿಬಿರಗಳ ಬಗ್ಗೆ ಎಚ್ಚರ

‘ಟ್ರಾಮಾ ರಿಲೀಸ್’, ಅಂದರೆ ಮನಸ್ಸಿಗಾದ ಹಳೆಯ ಆಘಾತವನ್ನು ಹೊರಹಾಕಿಸುತ್ತೇವೆ ಎನ್ನುವ ಎರಡು ದಿನದ ಶಿಬಿರಕ್ಕೆ ಹೋಗಿ ಬಂದ ಮಹಿಳೆಯೊಬ್ಬರಿಗೆ ಆದದ್ದನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇಲ್ಲಿ ಬರೆಯುತ್ತಿದ್ದೇವೆ. ಶಿಬಿರದ ಹೆಸರು ಬೇಡ. ಇದೇ ಮಾದರಿಯ ಶಿಬಿರಗಳು ಬೇರೆ ಬೇರೆ ಹೆಸರಲ್ಲಿ ರೆಸಾರ್ಟುಗಳಲ್ಲಿ, ಯೋಗ ಸ್ಟುಡಿಯೋಗಳಲ್ಲಿ ನಡೆಯುತ್ತಲೇ ಇವೆ. ಒಂದರ ಹೆಸರು ಹೇಳಿದರೆ ಉಳಿದವು ಸುರಕ್ಷಿತ ಅಂದುಕೊಳ್ಳುವ ಅಪಾಯವಿದೆ.

ಸೇರುವಾಗ ತುಂಬಿಸಿಕೊಂಡ ಫಾರಂನಲ್ಲಿ ಹೆಸರು, ವಾಟ್ಸಾಪ್ ನಂಬರ್, ಊಟ ಸಸ್ಯಾಹಾರವೋ ಮಾಂಸಾಹಾರವೋ ಎಂಬ ಪ್ರಶ್ನೆ, ಕೊನೆಗೆ ‘ಏನಾದರೂ ಆದರೆ ನಾನೇ ಹೊಣೆ’ ಎಂಬ ಸಾಲಿಗೆ ಸಹಿ, ಇಷ್ಟೇ. ಫಿಟ್ಸ್ ಇದೆಯೇ, ಗರ್ಭಿಣಿಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ ಆಕೆ ಆತಂಕಕ್ಕಾಗಿ ಎಸಿಟಲೋಪ್ರಾಮ್ ಮಾತ್ರೆಯಲ್ಲಿದ್ದರು. ಮೊದಲ ದಿನ ಮಧ್ಯಾಹ್ನ ಹಾಲ್‌ನಲ್ಲಿ ಎಲ್ಲರನ್ನೂ ಚಾಪೆಯ ಮೇಲೆ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಜೋರಾಗಿ ಡ್ರಮ್ ಸಂಗೀತ ಹಾಕಿದರು. ಬಾಯಿಯಿಂದ, ಎಲ್ಲೂ ತಡೆಯದೆ, ವೇಗವಾಗಿ, ಆಳವಾಗಿ ಉಸಿರಾಡುತ್ತಲೇ ಇರಬೇಕು, ಒಂದು ಗಂಟೆ.

ಸ್ವಲ್ಪ ಹೊತ್ತಿಗೆ ತುಟಿ ಸುತ್ತ ಜೋಮು ಹಿಡಿಯಿತು, ಆಮೇಲೆ ಬೆರಳುಗಳಲ್ಲಿ. ನಂತರ ಎರಡೂ ಕೈ ಸೆಟೆದು, ಮಡಿಸಿದರೂ ಮಡಿಸಲಾಗದ ಸ್ಥಿತಿ. ಭಯವಾಗಿ ಏಳಲು ಹೋದಾಗ ಸಹಾಯಕನೊಬ್ಬ ಬಂದು ಎದೆಯ ಕೆಳಗೆ ಅಂಗೈ ಒತ್ತಿ, “ಮೇಡಂ, ಬಿಡಬೇಡಿ, ಟ್ರಾಮಾ ಹೊರಗೆ ಬರ್ತಿದೆ, ಉಸಿರಾಡ್ತಾ ಇರಿ” ಎಂದ. ಮುಟ್ಟಬಹುದೇ ಎಂದು ಕೇಳಿರಲಿಲ್ಲ. ಕಣ್ಣು ಕಟ್ಟಿದೆ, ಕೈ ಆಡುತ್ತಿಲ್ಲ, ಮೈಮೇಲೆ ಗಂಡಸಿನ ಕೈ ಭಾರ. ಆಕೆಯ ದೇಹ ಹಳೆಯ ದಿನಕ್ಕೇ ಹೋಗಿ ಕಲ್ಲಾಯಿತು. ಮಾತು ನಿಂತಿತು. ಸುತ್ತ ಇದ್ದವರು ಅದನ್ನು ‘ಸರೆಂಡರ್’ ಎಂದು ಮೆಚ್ಚಿಕೊಂಡರು.

ಆ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ದಿನ ಮುಖ್ಯ ತರಬೇತುದಾರರು “ಮಾತ್ರೆ ಎನರ್ಜಿಯನ್ನು ಬ್ಲಾಕ್ ಮಾಡುತ್ತೆ” ಎಂದರು. ಆಕೆ ಅಂದಿನಿಂದಲೇ ಮಾತ್ರೆ ಬಿಟ್ಟರು. ಮೂರ್ನಾಲ್ಕು ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಸುಮ್ಮಸುಮ್ಮನೆ ಅಳು ಶುರುವಾಯಿತು. ಬಸ್ಸಿನಲ್ಲಿ ಯಾರಾದರೂ ಪಕ್ಕ ಕೂತರೆ ಎದೆ ಬಡಿತ. ಅನ್ನ ಸೇರದು. ವಾಟ್ಸಾಪ್ ಗ್ರೂಪಿನಲ್ಲಿ ಹೇಳಿಕೊಂಡರೆ ಬಂದ ಉತ್ತರ: ‘ಇದು ಹೀಲಿಂಗ್ ಕ್ರೈಸಿಸ್, ಒಳ್ಳೆಯ ಲಕ್ಷಣ, ಲೆವೆಲ್ ಎರಡು ಮಾಡಿ.’ ಅದಕ್ಕೆ ಫೀಸು ಮೊದಲಿಗಿಂತ ಹೆಚ್ಚು. ಕೊನೆಗೆ ಅಕ್ಕ ಕೈಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಮಾತ್ರೆ ಮತ್ತೆ ಶುರುವಾಗಿ, ಮಾಮೂಲಿ ನಿದ್ದೆ ಬರಲು ವಾರಗಳೇ ಬೇಕಾದವು.

ಇಲ್ಲಿ ತಪ್ಪಿದ್ದು ಒಂದಲ್ಲ, ಮೂರು.

ಮೊದಲನೆಯದು, ಕೈ ಸೆಟೆದದ್ದನ್ನು ‘ಟ್ರಾಮಾ ಹೊರಗೆ ಬರ್ತಿದೆ’ ಎಂದದ್ದು. ಕೈ ಸೆಟೆಯುವುದಕ್ಕೂ ಆಘಾತದ ನೆನಪಿಗೂ ಸಂಬಂಧವೇ ಬೇಕಿಲ್ಲ. ಯಾವ ನೋವೂ ಇಲ್ಲದ ಆರೋಗ್ಯವಂತರನ್ನು ಮಲಗಿಸಿ ಹಾಗೆ ಉಸಿರಾಡಿಸಿದರೂ ಅನೇಕರ ಕೈ ಸೆಟೆಯುತ್ತದೆ. ಅಪಧಮನಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದರೆ ಕೆಲವೇ ನಿಮಿಷಗಳಲ್ಲಿ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಆಗ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ರಕ್ತದ ಪ್ರೋಟೀನು ಹೆಚ್ಚು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ನರಗಳಿಗೆ ಸಿಗುವ ಮುಕ್ತ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ನರಗಳು ಯಾರೂ ಕೇಳದೆಯೇ ಸಂಕೇತ ಹೊಡೆಯತೊಡಗುತ್ತವೆ. ಮೊದಲು ತುಟಿ, ಬೆರಳತುದಿ ಜೋಮು. ಆಮೇಲೆ ಮಣಿಕಟ್ಟು ಒಳಕ್ಕೆ ಬಾಗಿ, ಬೆರಳುಗಳು ನೆಟ್ಟಗೆ ಒಂದಕ್ಕೊಂದು ಕೂಡಿಕೊಂಡು, ಹೆಬ್ಬೆರಳು ಅಂಗೈಯೊಳಕ್ಕೆ ಸೇರುತ್ತದೆ. ಕ್ಯಾಲ್ಸಿಯಂ ಕೊರತೆಯ ರೋಗಿಗಳಲ್ಲಿ ವೈದ್ಯರು ನೋಡುವುದೂ ಇದೇ ಸೆಳೆತವನ್ನು.

ಇದೇ ಹೊತ್ತಿಗೆ ಮಿದುಳಿನ ರಕ್ತನಾಳಗಳೂ ಕುಗ್ಗುತ್ತವೆ. ಇಂಗಾಲದ ಡೈಆಕ್ಸೈಡಿನ ಒತ್ತಡ ಒಂದೊಂದು ಮಿಲಿಮೀಟರ್ ಇಳಿದಂತೆಲ್ಲ ಮಿದುಳಿಗೆ ಹೋಗುವ ರಕ್ತ ಸುಮಾರು ಶೇಕಡ 3ರಷ್ಟು ಕಡಿಮೆಯಾಗುತ್ತದೆ. ತೇಲಿದಂತಾಗುವುದು, ಕಣ್ಣೆದುರು ಬಣ್ಣ ಕಾಣುವುದು, ‘ನಾನು ದೇಹದ ಹೊರಗಿದ್ದೆ’ ಅನ್ನಿಸುವುದು ಇವಕ್ಕೆಲ್ಲ ಇದರ ದೊಡ್ಡ ಪಾಲಿದೆ. ಆ ಅನುಭವ ಕೆಲವರಿಗೆ ಹಿತವಾಗಿರಬಹುದು, ಅರ್ಥಪೂರ್ಣವೂ ಆಗಿರಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೆಳೆತ ಬಂದದ್ದನ್ನೇ ಗುಣವಾಗುತ್ತಿರುವುದಕ್ಕೆ ಸಾಕ್ಷಿ ಎಂದು ತೋರಿಸುವುದು ಸುಳ್ಳು.

ಮಿದುಳಿನ ಇಇಜಿ ಪರೀಕ್ಷೆ ಮಾಡಿಸಿಕೊಂಡವರಿಗೆ ಗೊತ್ತಿರುತ್ತದೆ, ಅಲ್ಲಿ 3 ನಿಮಿಷ ಜೋರಾಗಿ ಉಸಿರಾಡಲು ಹೇಳುತ್ತಾರೆ. ಏಕೆಂದರೆ ಹಾಗೆ ಮಾಡಿದರೆ ಅಡಗಿರುವ ಫಿಟ್ಸ್ ಹೊರಬೀಳಬಹುದು. ಅಲ್ಲಿ ಪಕ್ಕದಲ್ಲೇ ತಂತ್ರಜ್ಞರು ತೆರೆ ನೋಡುತ್ತಾ ಕೂತಿರುತ್ತಾರೆ. ಹೃದಯದ ತೊಂದರೆ, ಇತ್ತೀಚಿನ ಪಾರ್ಶ್ವವಾಯು ಇದ್ದವರಿಗೆ ಆ ಭಾಗವನ್ನೇ ಕೈಬಿಡುತ್ತಾರೆ. ಅದೇ ಕೆಲಸವನ್ನು ಕಣ್ಣು ಕಟ್ಟಿ, ಹಾಲ್ ತುಂಬ ಜನಕ್ಕೆ, ಒಂದು ಗಂಟೆ ಮಾಡಿಸುವವರು ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ ಎಂದರೆ ಏನು ಹೇಳೋಣ! ಫಿಟ್ಸ್, ಗರ್ಭ, ಹೃದ್ರೋಗ, ಹತೋಟಿಗೆ ಬಾರದ ಬಿಪಿ, ಗ್ಲಾಕೋಮಾ, ರೆಟಿನಾ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಬೈಪೋಲಾರ್, ಸೈಕೋಸಿಸ್ ಎಂಬ ಮಾನಸಿಕ ಕಾಯಿಲೆ ಇದ್ದವರು ಇದರಿಂದ ದೂರ ಇರಬೇಕು. ಸ್ಟಾನಿಸ್ಲಾವ್ ಮತ್ತು ಕ್ರಿಸ್ಟಿನಾ ಗ್ರಾಫ್ ದಂಪತಿ 1970ರ ದಶಕದಲ್ಲಿ ರೂಪಿಸಿದ, ಇದೇ ಬಗೆಯ ಉಸಿರಾಟದ ವಿಧಾನವಾದ ಹೊಲೊಟ್ರೋಪಿಕ್ ಬ್ರೆತ್‌ವರ್ಕ್‌ನಲ್ಲಿ ಇಂಥವರನ್ನು ಮೊದಲೇ ಸೋಸಿ ತೆಗೆಯುತ್ತಾರೆ, ಉಸಿರಾಡುವ ಪ್ರತಿಯೊಬ್ಬರ ಪಕ್ಕ ಒಬ್ಬರನ್ನು ಕೂರಿಸುತ್ತಾರೆ. ಇಲ್ಲಿನ ವಾರಾಂತ್ಯದ ನಕಲುಗಳಲ್ಲಿ ಸಂಗೀತ ಉಳಿದಿದೆ, ಸೋಸುವುದು ಹೋಗಿದೆ.

‘ಅಯ್ಯೋ, ಇದು ನಮ್ಮ ಪ್ರಾಣಾಯಾಮವೇ ತಾನೆ’ ಎಂದು ಹೇಳುವವರಿದ್ದಾರೆ. ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯವನ್ನೇ ತೆರೆದು ನೋಡಿ: ಸಿಂಹ, ಆನೆ, ಹುಲಿಯನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸಬೇಕೋ ಹಾಗೆ ವಾಯುವನ್ನು ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದಿದೆ. ತಪ್ಪು ಅಭ್ಯಾಸದಿಂದ ಬಿಕ್ಕಳಿಕೆ, ದಮ್ಮು, ಕೆಮ್ಮು, ತಲೆ, ಕಿವಿ, ಕಣ್ಣಿನ ನೋವು ಬರುತ್ತದೆ ಎಂದು ಅದರ ಮುಂದಿನ ಶ್ಲೋಕಗಳು ಹೇಳುತ್ತವೆ. ಪರಂಪರೆಯ ಹೆಸರು ಹೇಳುವವರು ಪರಂಪರೆ ಹಾಕಿದ ಕಟ್ಟುಪಾಡನ್ನೂ ಹೇಳಬೇಕು.

ಎರಡನೇ ತಪ್ಪು ಪ್ರಮಾಣದ್ದು. ದೇಹದ ಮೂಲಕ ಆಘಾತಕ್ಕೆ ಚಿಕಿತ್ಸೆ ಕೊಡುವ ವಿಧಾನಗಳಲ್ಲಿ ಹೆಚ್ಚು ಹೆಸರಾದದ್ದು ಪೀಟರ್ ಲೆವಿನ್ ಅವರ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್. ಅದರ ಮುಖ್ಯ ನಿಯಮಕ್ಕೆ ಅವರು ರಸಾಯನಶಾಸ್ತ್ರದಿಂದ ತಂದ ಹೆಸರು ‘ಟೈಟ್ರೇಶನ್’. ಆಮ್ಲಕ್ಕೆ ಕ್ಷಾರವನ್ನು ಒಮ್ಮೆಲೇ ಸುರಿದರೆ ಸಿಡಿಯುತ್ತದೆ, ಹನಿಹನಿಯಾಗಿ ಬಿಟ್ಟರೆ ನೀರೂ ಉಪ್ಪೂ ಆಗಿ ಶಾಂತವಾಗುತ್ತದೆ. ಭಯದ ನೆನಪಿನ ವಿಷಯದಲ್ಲೂ ಹಾಗೆಯೇ ನಡೆಯಬೇಕು ಎಂಬುದು ಅವರ ಮಾತು. ಮನುಷ್ಯ ಎಚ್ಚರವಾಗಿದ್ದು, ‘ನಾನು ಈಗ ಇಲ್ಲಿದ್ದೇನೆ’ ಎಂದು ಗೊತ್ತಿದ್ದುಕೊಂಡು ತಡೆದುಕೊಳ್ಳಬಲ್ಲಷ್ಟೇ ಉದ್ವೇಗದಲ್ಲಿ ಕೆಲಸ ನಡೆಯಬೇಕು. ಅದನ್ನು ದಾಟಿದರೆ ದೇಹ ಒಂದೋ ಓಡಲು, ಹೊಡೆದಾಡಲು ಸಿದ್ಧವಾಗುತ್ತದೆ, ಇಲ್ಲವೇ ಮರಗಟ್ಟುತ್ತದೆ. ಎರಡರಲ್ಲೂ ಮಿದುಳು ಹೊಸದೇನನ್ನೂ ಕಲಿಯುವುದಿಲ್ಲ. ‘ಮತ್ತೆ ಅದೇ ಆಯಿತು, ಮತ್ತೆ ನನ್ನ ಕೈಲಿ ಏನೂ ಆಗಲಿಲ್ಲ’ ಎಂಬುದನ್ನಷ್ಟೇ ಇನ್ನೂ ಗಟ್ಟಿ ಮಾಡಿಕೊಳ್ಳುತ್ತದೆ. ಆಕೆಗೆ ಆದದ್ದು ಇದು.

ಸರಿಯಾದ ಸೆಷನ್ ನೋಡುವವರಿಗೆ ಬೇಸರ ತರುವಷ್ಟು ನಿಧಾನವಾಗಿರುತ್ತದೆ. ಐವತ್ತು ನಿಮಿಷದಿಂದ ಒಂದು ಗಂಟೆ, ಕುರ್ಚಿಯಲ್ಲಿ, ಕಣ್ಣು ತೆರೆದು. ಮೊದಲ ಕೆಲವು ಭೇಟಿಗಳಲ್ಲಿ ಘಟನೆಯ ವಿವರವನ್ನೇ ಕೆದಕುವುದಿಲ್ಲ. ಕೋಣೆಯನ್ನೊಮ್ಮೆ ನಿಧಾನವಾಗಿ ನೋಡುವುದು, ಬಾಗಿಲು ಎಲ್ಲಿದೆ ಎಂದು ಗುರುತಿಸುವುದು, ಪಾದ ನೆಲಕ್ಕೆ ತಾಗಿರುವುದನ್ನು, ಬೆನ್ನಿಗೆ ಕುರ್ಚಿಯ ಆಸರೆ ಇರುವುದನ್ನು ಗಮನಿಸುವುದು. ಮೈಯಲ್ಲಿ ಹಿತವಾದ, ಇಲ್ಲವೇ ಕನಿಷ್ಠ ನೋವಿಲ್ಲದ ಒಂದು ಜಾಗ ಹುಡುಕುವುದು. ಆಮೇಲೆ ಎದೆಯ ಬಿಗಿತದ ಕಡೆಗೆ ಕೆಲವೇ ಸೆಕೆಂಡು ಗಮನ, ಮತ್ತೆ ಹಿತವಾದ ಜಾಗಕ್ಕೆ ವಾಪಸ್. ಈ ಹೋಗಿ ಬರುವುದೇ ಚಿಕಿತ್ಸೆ. ಚಿಕಿತ್ಸಕರು ನಿಮ್ಮ ಉಸಿರು, ಮುಖದ ಬಣ್ಣ, ಗುಟುಕು ನುಂಗುವುದು, ಕಣ್ಣಿನ ನೋಟ ನೋಡುತ್ತಿರುತ್ತಾರೆ. ನೋಟ ಶೂನ್ಯವಾದರೆ ತಕ್ಷಣ ನಿಲ್ಲಿಸುತ್ತಾರೆ. ಸ್ಪರ್ಶ ಬೇಕಾಗಿಯೇ ಇಲ್ಲ. ಮುಟ್ಟುವುದಿದ್ದರೆ ಎಲ್ಲಿ, ಹೇಗೆ, ಏಕೆ ಎಂದು ಹೇಳಿ ಪ್ರತಿ ಸಲ ಕೇಳಬೇಕು. ಬೇಡ ಎಂದರೆ ಕಾರಣ ಕೇಳಬಾರದು. ಕೊನೆಯ ಹತ್ತು ನಿಮಿಷ ಸುಧಾರಿಸಿಕೊಳ್ಳಲು ಮೀಸಲು. ಮೈಯನ್ನು ತಾನಾಗಿ ನಡುಗಲು ಬಿಟ್ಟು ಬಿಗಿತ ಇಳಿಸುವ ಡೇವಿಡ್ ಬೆರ್ಸೆಲಿ ಅವರ ಟಿಆರ್‌ಇ ವ್ಯಾಯಾಮದಲ್ಲೂ ಮೊದಲು ಕಲಿಸಬೇಕಾದ್ದು ಕಾಲು ಚಾಚಿ ನಡುಕ ನಿಲ್ಲಿಸುವುದನ್ನು.

ಇಷ್ಟು ಹೇಳಿದ ಮೇಲೆ ಪುರಾವೆಯ ಮಾತನ್ನೂ ನೇರವಾಗಿ ಹೇಳಬೇಕು. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಬಗ್ಗೆ 2017ರಲ್ಲಿ ಇಸ್ರೇಲಿನಿಂದ ಪ್ರಕಟವಾದ ಅಧ್ಯಯನದಲ್ಲಿ 63 ಮಂದಿ ಇದ್ದರು, 15 ಸೆಷನ್. ಫಲಿತಾಂಶ ಆಶಾದಾಯಕ, ಆದರೆ ಅಧ್ಯಯನ ಚಿಕ್ಕದು. ಆಘಾತಕ್ಕೊಳಗಾದವರ ಸ್ಥಿತಿ ಅರಿತು ಕಲಿಸುವ ಯೋಗದ 2014ರ ಅಧ್ಯಯನದಲ್ಲಿ 64 ಮಹಿಳೆಯರು, 10 ವಾರ; ಅದೂ ಚಿಕ್ಕದೇ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ, ಆಘಾತದ ನಂತರವೂ ಕಾಡುತ್ತಲೇ ಇರುವ ಕಾಯಿಲೆಯಾದ ಪಿಟಿಎಸ್‌ಡಿಗೆ ಸೂಚಿಸಿದ್ದು ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವ ಚಿಕಿತ್ಸೆ) ಅನ್ನು. ದೇಹದ ವಿಧಾನಗಳು ಇವುಗಳ ಜೊತೆಗೆ ನಿಲ್ಲಬಲ್ಲವು. ಒಂದೇ ವಾರಾಂತ್ಯದಲ್ಲಿ ‘ವೇಗಸ್ ನರ ರೀಸೆಟ್’, ಅಂದರೆ ಮಿದುಳಿನಿಂದ ಹೃದಯ, ಹೊಟ್ಟೆಗೆ ಇಳಿಯುವ ನರವನ್ನು ಸರಿಪಡಿಸುತ್ತೇವೆ ಎನ್ನುವುದಕ್ಕೆ ಆಧಾರವಿಲ್ಲ.

ಮೂರನೆಯ ತಪ್ಪೇ ನಮಗೆ ಹೆಚ್ಚು ಸಿಟ್ಟು ತರಿಸುವುದು: ಮಾತ್ರೆ ಬಿಡಿಸಿದ್ದು. ಖಿನ್ನತೆ, ಆತಂಕದ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನದಲ್ಲಿ ತಲೆಸುತ್ತು, ವಾಕರಿಕೆ, ಕೆಟ್ಟ ಕನಸು, ಕರೆಂಟ್ ಹೊಡೆದಂಥ ಅನುಭವ, ಸಿಡುಕು ಶುರುವಾಗುತ್ತವೆ. ಅದನ್ನೇ ‘ವಿಷ ಹೊರಗೆ ಹೋಗ್ತಿದೆ’ ಎಂದು ವಿವರಿಸುತ್ತಾರೆ. ಮಾತ್ರೆ ಕಡಿಮೆ ಮಾಡುವ ಆಸೆ ಇದ್ದರೆ ಬರೆದುಕೊಟ್ಟ ವೈದ್ಯರಿಗೇ ಹೇಳಿ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಮಾತ್ರೆ ಬಿಡಿ ಎನ್ನುವ ಶಿಬಿರದಿಂದ ಅವತ್ತೇ ಎದ್ದು ಬನ್ನಿ, ಕಟ್ಟಿದ ದುಡ್ಡು ಹೋದರೆ ಹೋಗಲಿ.

ಹಣ ಕಟ್ಟುವ ಮೊದಲೇ ಕೆಲವು ಪ್ರಶ್ನೆ ಕೇಳಿ. ಆರೋಗ್ಯದ ವಿವರ ಒಬ್ಬೊಬ್ಬರಿಂದಲೂ ಪಡೆಯುತ್ತೀರಾ? ಎಷ್ಟು ಜನಕ್ಕೆ ಎಷ್ಟು ಸಹಾಯಕರು? ನಾನು ಮಧ್ಯದಲ್ಲಿ ಎದ್ದು ಕೂತರೆ, ಕಣ್ಣುಪಟ್ಟಿ ಬೇಡ ಎಂದರೆ ಒಪ್ಪುತ್ತೀರಾ? ಮುಂದಿನ ವಾರ ನನಗೆ ನಿದ್ದೆ ಬರದಿದ್ದರೆ ಯಾರಿಗೆ ಫೋನ್ ಮಾಡಲಿ, ಅವರ ಓದು ಏನು? ‘ಟ್ರಾಮಾ ಕೋಚ್’, ‘ಹೀಲರ್’ ಎಂದು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುತ್ತಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರುತ್ತದೆ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನದು. ಸಂಖ್ಯೆ ಕೇಳುವುದು ಅವಮಾನವಲ್ಲ. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ತರಬೇತಿ ಸುಮಾರು ಮೂರು ವರ್ಷದ್ದು. ಅದನ್ನು ಮುಗಿಸಿದ ಮಾತ್ರಕ್ಕೇ ಒಬ್ಬರು ಮಾನಸಿಕ ಆರೋಗ್ಯ ತಜ್ಞರಾಗುವುದಿಲ್ಲ. ಹಾಗಿರುವಾಗ ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟಿಗೆ ಏನು ಬೆಲೆ?

ಈಗಾಗಲೇ ಅಂಥ ಹಾಲ್‌ನಲ್ಲಿ ಸಿಕ್ಕಿಕೊಂಡಿದ್ದರೆ ಕಣ್ಣುಪಟ್ಟಿ ತೆಗೆಯಿರಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಿ, ಎದ್ದು ಕೂತು ಪಾದ ನೆಲಕ್ಕೆ ಊರಿ. ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡಿ; ಉಸಿರು ಬಿಡುವಾಗಲೇ ವೇಗಸ್ ನರ ಹೃದಯದ ಬಡಿತ ಇಳಿಸುವುದು. ಸೆಟೆದ ಕೈ ಕೆಲವು ನಿಮಿಷಗಳಲ್ಲಿ ತಾನೇ ಸಡಿಲವಾಗುತ್ತದೆ. ಮೂಗಿಗೆ ಕಾಗದದ ಚೀಲ ಹಿಡಿಯುವ ಹಳೆಯ ಉಪಾಯ ಬೇಡ, ಆಮ್ಲಜನಕ ಕಡಿಮೆಯಾಗಬಹುದು. ಆಸ್ತಮಾ ಅಥವಾ ಹೃದಯದ ತೊಂದರೆಯೇ ಇದ್ದರೆ ಅದು ಅಪಾಯ. ಪಕ್ಕದವರು ಮರಗಟ್ಟಿದ್ದರೆ ಮುಟ್ಟದೆ, ಹೆಸರು ಹಿಡಿದು ಕರೆಯಿರಿ. ಇವತ್ತು ಯಾವ ದಿನ, ಎಲ್ಲಿದ್ದೀರಿ ಎಂದು ಹೇಳಿ. ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಹೆಸರಿಸಲು ಹೇಳಿ. ಏನಾಯಿತು ಎಂದು ಆಗಲೇ ಕೆದಕಬೇಡಿ. ಎದೆನೋವು, ಪ್ರಜ್ಞೆ ತಪ್ಪುವುದು, ಮೊದಲ ಸಲದ ಫಿಟ್ಸ್, ಐದು ನಿಮಿಷವಾದರೂ ನಿಲ್ಲದ ಫಿಟ್ಸ್, ಇವಕ್ಕೆ ತಕ್ಷಣ 108.

ಮನೆಗೆ ಬಂದ ಮೇಲೆ ಒಂದು ದಿನ ಸುಸ್ತು, ಅಳು ಬರುವುದು ಸಹಜ. ಎರಡು ಮೂರು ರಾತ್ರಿ ನಿದ್ದೆ ಇಲ್ಲ, ತಾನು ತಾನಲ್ಲ ಅನ್ನಿಸುತ್ತಲೇ ಇದೆ, ಸಾಯುವ ಯೋಚನೆ ಬರುತ್ತಿದೆ ಎಂದಾದರೆ ಕಾಯಬೇಡಿ. ಮನೆಯವರು ತಪ್ಪಾಗಿ ತಿಳಿಯುವ ಇನ್ನೊಂದು ಲಕ್ಷಣವಿದೆ: ನಿದ್ದೆಯೇ ಇಲ್ಲದೆ ಭಾರಿ ಹುರುಪು, ಎಡೆಬಿಡದ ಮಾತು, ಕಂಡಾಪಟ್ಟೆ ಖರ್ಚು, ‘ನನಗೆ ಜ್ಞಾನೋದಯವಾಯಿತು’ ಎಂಬ ಮಾತು. ಇದು ಮೇನಿಯಾ ಇರಬಹುದು, ಅದೇ ದಿನ ಮನೋವೈದ್ಯರಿಗೆ ತೋರಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹಣ ಕಟ್ಟಿದ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಮಾತ್ರೆ ಬಿಡಿ ಎಂದ ಮೆಸೇಜ್, ಗ್ರೂಪಿನ ಉತ್ತರಗಳನ್ನು ಅಳಿಸಬೇಡಿ. ಗ್ರೂಪಿನಿಂದ ಹೊರಬರುವ ಮೊದಲೇ ಚಾಟ್ ಉಳಿಸಿಕೊಳ್ಳಿ. ಸುಳ್ಳು ಭರವಸೆ, ಹಣದ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಚಿಕಿತ್ಸೆಯ ನೆಪದಲ್ಲಿ ಅಸಭ್ಯವಾಗಿ ಮುಟ್ಟಿದ್ದರೆ ಅದು ಪೊಲೀಸ್ ದೂರಿನ ವಿಷಯ. ಶಿಬಿರ ನಡೆದ ಊರಿಗೇ ಹೋಗಬೇಕಿಲ್ಲ, ನಿಮ್ಮ ಹತ್ತಿರದ ಠಾಣೆಯಲ್ಲೇ ಜೀರೋ ಎಫ್‌ಐಆರ್ ದಾಖಲಿಸಬಹುದು. ಫಾರಂನಲ್ಲಿ ‘ನಾನೇ ಹೊಣೆ’ ಎಂದು ಸಹಿ ಮಾಡಿದ್ದೇನಲ್ಲ ಎಂದು ಹಿಂಜರಿಯಬೇಡಿ, ಆ ಸಹಿ ಅದಕ್ಕೆ ಅಡ್ಡ ಬರುವುದಿಲ್ಲ.