ಐಸ್ ಪರೀಕ್ಷೆ: ಗಾಳಿಸುರಂಗವೋ, ಎಂಜಿನ್ ಕೊಠಡಿಯೋ?

ವಿಮಾನದ ರೆಕ್ಕೆಗೆ ಐಸ್ ಕಟ್ಟುವುದನ್ನು ನೋಡಬೇಕಾ? ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾ ಗ್ಲೆನ್ ಕೇಂದ್ರದ ಐಸಿಂಗ್ ಸುರಂಗ ಸಾಕು. 1944ರಿಂದ ಇದೆ. ಕೊರೆಯುವ ಗಾಳಿಗೆ ನೀರಿನ ಹನಿ ಸಿಂಪಡಿಸುತ್ತಾರೆ. ರೆಕ್ಕೆಯ ಅಂಚಿಗೆ ತಾಗಿದ ಹನಿ ಅಲ್ಲೇ ಹೆಪ್ಪುಗಟ್ಟುತ್ತದೆ. ಆದರೆ ಎತ್ತರದ ತೆಳು ಗಾಳಿ ಅಲ್ಲಿ ಸಿಗುವುದಿಲ್ಲ.

ಪೂರ್ತಿ ಜೆಟ್ ಎಂಜಿನ್ ಆದರೆ ಅದೇ ಕೇಂದ್ರದ ಎಂಜಿನ್ ಕೊಠಡಿ, ಅಂದರೆ ಪ್ರೊಪಲ್ಷನ್ ಸಿಸ್ಟಮ್ಸ್ ಲ್ಯಾಬೊರೇಟರಿಯೇ ಸರಿ. ಎತ್ತರದಲ್ಲಿರುವಂತೆ ಗಾಳಿಯ ಒತ್ತಡ ಇಳಿಸಿ, ಎಂಜಿನ್ ಓಡುತ್ತಿರುವಾಗಲೇ ಐಸ್ ಹರಳು ಊದುತ್ತಾರೆ. ಹರಳು ತಣ್ಣನೆ ರೆಕ್ಕೆಗೆ ಬಡಿದರೆ ಪುಟಿದು ಹೋಗುತ್ತದೆ. ಆದರೆ ಎಂಜಿನ್ ಒಳಗೆ ಗಾಳಿಯನ್ನು ಒತ್ತುವ ಕಂಪ್ರೆಸರ್‌ನ ಬಿಸಿಗೆ ಅರ್ಧ ಕರಗಿ, ಒದ್ದೆಯಾಗಿ, ಒಳಗೇ ಅಂಟಿಕೊಳ್ಳುತ್ತದೆ. ನನಗೆ ಜಾಸ್ತಿ ಭಯ ಇದರದ್ದೇ. ಹೊರಗಿನಿಂದ ಕಾಣುವುದೇ ಇಲ್ಲ ಅಲ್ವಾ?

ವೇಗ ಅಳೆಯುವ ಪಿಟೋ ಟ್ಯೂಬ್ ಇದ್ದರೆ ಹನಿ ಪರೀಕ್ಷೆಯೊಂದೇ ಸಾಲದು, ಹರಳಿನದ್ದೂ ಮಾಡಿಸಿ. 2009ರಲ್ಲಿ ಅಪಘಾತಕ್ಕೀಡಾದ ಏರ್ ಫ್ರಾನ್ಸ್ 447 ವಿಮಾನದ ಟ್ಯೂಬ್‌ಗಳನ್ನು ಮುಚ್ಚಿದ್ದು ಹರಳುಗಳೇ.